ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಳಸಂಚು

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರಗಳ ಕಡೆಯಿಂದ ಶ್ರೀಮಠಕ್ಕೆ ನಡೆದುಕೊಳ್ಳುವ ಸದ್ಭಕ್ತರು ಕಾವೇರಿಯ ನಡುಗಡ್ಡೆಯಲ್ಲಿರುವ ಶ್ರೀರಂಗಪಟ್ಟಣದ ಕೋಟೆಯನ್ನು ಕಂಡೇ ಇರುವರು. ಇದನ್ನು ನಾಗಮಂಗಲದ ತಿಮ್ಮಣ್ಣನು 1454ರಲ್ಲಿ ಕಟ್ಟಿಸಿದನೆಂದು ಪ್ರತೀತಿಯುಂಟು. ಫಿರಂಗಿಗಳಿಗೆ ಗೋಡೆಯು ಬಿರಿದು 1799ನೆಯ ಮೇ 4ರಂದು ಇದು ಆಂಗ್ಲರ ವಶವಾದ ಸಂಗತಿಯನ್ನು ಎಲ್ಲರೂ ಬಲ್ಲರು. ಅದಕ್ಕೆ 16 ವರ್ಷಗಳ ಮುಂಚೆ ಒಳಗಿನವರೇ ಇದನ್ನು ಕೈವಶಮಾಡಿಕೊಳ್ಳಲೆತ್ತಿಸಿ ಕೆಟ್ಟ ವೃತ್ತಾಂತವು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹೈದರನ ಕಾಲದಿಂದ ಒಡೆಯರಿಗೆ ಪಟ್ಟವಿದ್ದಿತೇ ಹೊರತು ಅಧಿಕಾರವಿರಲಿಲ್ಲ. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿಯವರು ಪ್ರಧಾನ ತಿರುಮಲರಾಯನ ಮುಖಾಂತರ ಆಂಗ್ಲರೊಡನೆ ಗುಪ್ತವಾಗಿ ವ್ಯವಹರಿಸಲು, 1782ನೆಯ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಒಂದು ಕರಾರು ಏರ್ಪಟ್ಟಿತು. ಡಿಸೆಂಬರ್ 7ರಂದು ಹೈದರನು ಮೃತನಾದನು. ಮರುವರ್ಷ ಟಿಪ್ಪುಸುಲ್ತಾನನು ಮಂಗಳೂರನ್ನು ಮುತ್ತಿ ದೂರವಿದ್ದನು. ಕರ್ನಲ್ ಲ್ಯಾಂಗನ ಸೇನೆಯು ಕರೂರನ್ನು ಹಿಡಿದಿತ್ತು.

ಈ ಸಮಯವನ್ನು ನೋಡಿ ಪಟ್ಟಣದಲ್ಲಿ ಸಂಚು ಹುಟ್ಟಿತು. ಅಂಚೆಯ ಮುಖ್ಯಾಧಿಕಾರಿ ಶಾಮಯ್ಯ, ಆತನ ಸೋದರ ರಂಗಯ್ಯ, ಸೈನ್ಯಕ್ಕೆ ಸಂಬಳ ಹಂಚುತ್ತಿದ್ದ ನರಸಿಂಗರಾಯ, ಸುಬ್ಬರಾಜ ಅರಸು ಮೊದಲಾದವರ ಹೆಸರುಗಳು ಇದರಲ್ಲಿ ಕೇಳಿಬರುತ್ತವೆ. ಕೋಟೆಯನ್ನು ಹಿಡಿದು, ಸೆರೆಯಲ್ಲಿದ್ದ ಆಂಗ್ಲರನ್ನು ಬಿಡಿಸಿ, ಒಡೆಯರಿಗೆ ರಾಜ್ಯವನ್ನು ಒಪ್ಪಿಸುವುದೇ ಉದ್ದೇಶವು. ಜುಲೈ 24 ಎಂದು ದಿನವೂ ನಿಷ್ಕರ್ಷೆಯಾಯಿತು. ಆದರೆ ಹಿಂದಿನ ರಾತ್ರಿ ಸುಬೇದಾರನೊಬ್ಬನು ಕಿಲ್ಲೇದಾರ ಸಯ್ಯದ್ ಮಹಮ್ಮದನಿಗೆ ಸರ್ವವನ್ನೂ ತಿಳಿಸಿಬಿಟ್ಟನು. ಬೆಳಗಾಗುವುದರೊಳಗೆ ಸಂಚುಗಾರರು ಸೆರೆಯಾದರು. ಅನೇಕರು ಮರಣದಂಡನೆಗೆ ಗುರಿಯಾದರು. ಶಾಮಯ್ಯ ರಂಗಯ್ಯರನ್ನು ಕಬ್ಬಿಣದ ಪಂಜರದಲ್ಲಿಟ್ಟರೆಂದು ಚರಿತ್ರಕಾರರು ಬರೆದಿರುವರು.

ಇದನ್ನು ದ್ರೋಹವೆನ್ನಬೇಕೆ, ಸ್ವಾಮಿನಿಷ್ಠೆಯೆನ್ನಬೇಕೆ? ಉಂಡ ಅನ್ನದ ಋಣವನ್ನೆಣಿಸುವವರಿಗೆ ದ್ರೋಹ. ಮೂಲದೊಡೆಯರನ್ನು ನೆನೆಯುವವರಿಗೆ ನಿಷ್ಠೆ. ಸುಬೇದಾರನೂ ತನ್ನ ಒಡೆಯನಿಗೆ ನಿಷ್ಠನೇ ಅಲ್ಲವೆ? ಆದಕಾರಣ ಒಂದು ಪಕ್ಷವನ್ನು ಹಳಿದು ಮತ್ತೊಂದನ್ನು ಹೊಗಳುವುದು ಚರಿತ್ರೆಯ ಧರ್ಮವಲ್ಲ. ಉಪಾಯದ ದೋಷವನ್ನು ಮಾತ್ರ ಮರೆಯಲಾಗದು. ನೆರವಾಗಬೇಕಾದ ಸೇನೆಯು ಘಟ್ಟದ ಕೆಳಗಿತ್ತು. ಗುಟ್ಟು ಹಲವರ ಬಾಯಲ್ಲಿತ್ತು.

ಮುಂದೆ 1784ನೆಯ ಮಾರ್ಚ್ 11ರ ಮಂಗಳೂರು ಕೌಲಿನಿಂದ ಸೆರೆಯಾಳುಗಳ ಬಿಡುಗಡೆಗೆ ದಾರಿಯಾಯಿತು. 1799ನೆಯ ಜೂನ್ 30ರಂದು ಬಾಲಕರಾದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ವೃದ್ಧೆಯಾದ ಲಕ್ಷ್ಮಮ್ಮಣ್ಣಿಯವರು ಅದನ್ನು ಕಣ್ಣಾರೆ ಕಂಡರು. ಅದೇ ಫಲಕ್ಕಾಗಿ ಮೊದಲೇ ಪ್ರಾಣವಿತ್ತವರು ಕಾಣಲಿಲ್ಲ. ಗೆದ್ದವರ ಹೆಸರು ಶಾಸನವನ್ನೇರುವುದು. ಸೋತವರನ್ನು ನೆನೆಯುವ ಭಾರವು ಓದುಗರ ಮೇಲಿರುವುದು.