ಮಂಗಳೂರಿನಿಂದ ಹೇಗ್‌ವರೆಗೆ: ನ್ಯಾಯಮೂರ್ತಿ ಬಿ.ಎನ್. ರಾವ್



ಹೋಟಗಿಯಿಂದ ಸೊಲ್ಲಾಪುರಕ್ಕೆ ಹೋದವರೆಲ್ಲ ನಾಲ್ವರು ಹುತಾತ್ಮರ ಪುತ್ಥಳಿಗಳನ್ನು ನೋಡಿರುತ್ತೀರಿ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. 1930ರಲ್ಲಿ ಸೊಲ್ಲಾಪುರದ ಮೇಲೆ ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಈ ನಾಲ್ವರನ್ನೂ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಕೋರ್ಟು, ವಿಚಾರಣೆ, ತೀರ್ಪು ಎಲ್ಲವೂ ಆಗಿತ್ತು. ಹಾಗಂತ ನ್ಯಾಯ ಆಯಿತೇ?

ಕಾನೂನಿನ ಕ್ರಮ ನಡೆದರೆ ಸಾಕೋ, ಆ ಕ್ರಮವೇ ನ್ಯಾಯವಾಗಿರಬೇಕೋ? ಹದಿನಾರು ವರ್ಷಗಳ ನಂತರ ಈ ಪ್ರಶ್ನೆ ಕನ್ನಡನಾಡಿನ ಒಬ್ಬರ ಮುಂದೆ ಬಂತು. ಅವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಮುಂದೆ ಮದರಾಸು, ಕೇಂಬ್ರಿಜ್, ಐ.ಸಿ.ಎಸ್., ಕಲಕತ್ತಾ ಹೈಕೋರ್ಟು. 1946ರಲ್ಲಿ ಸಂವಿಧಾನ ಸಭೆಗೆ ಸಲಹೆಗಾರರಾದರು. ಸಂವಿಧಾನದ ಮೊದಲ ಕರಡು ಅವರ ಕೈಯದು. ಅಂಬೇಡ್ಕರರೇ 1949ರ ನವೆಂಬರ್ 25ರ ಭಾಷಣದಲ್ಲಿ ಅದರ ಶ್ರೇಯಸ್ಸನ್ನು ಅವರೊಂದಿಗೆ ಹಂಚಿಕೊಂಡರು.

1947ರ ಕೊನೆಗೆ ರಾವ್ ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಒಂದು ಎಚ್ಚರಿಕೆ ಕೊಟ್ಟರು. ‘ಡ್ಯೂ ಪ್ರೊಸೆಸ್’ ಎಂಬ ಮಾತು ಸೇರಿಸಿದರೆ ಶಾಸನಸಭೆ ಮಾಡಿದ ಕಾನೂನನ್ನು ನ್ಯಾಯಾಧೀಶರೇ ಹೊಡೆದುಹಾಕಬಹುದು ಎಂದು. ಭಯ ಸುಳ್ಳಲ್ಲ. ಕೆಲಸದ ವೇಳೆಗೆ ಮಿತಿ ಹಾಕಿದ ಕಾನೂನುಗಳನ್ನು ಅಮೆರಿಕದ ಕೋರ್ಟುಗಳು ಹಾಗೆಯೇ ರದ್ದು ಮಾಡಿದ್ದವು. ಗಿರಣಿಗಳ ಊರಿನ ಪಕ್ಕದಲ್ಲಿರುವ ನಮಗೆ ಇದರ ಬಿಸಿ ಅರ್ಥವಾಗುತ್ತದೆ. ರಾವ್ ಸಲಹೆಯಂತೆ ಆ ಮಾತು ಬಿಟ್ಟುಹೋಗಿ, ಕಾನೂನು ಗೊತ್ತುಪಡಿಸಿದ ಕ್ರಮ ಎಂಬುದಷ್ಟೇ 21ನೇ ವಿಧಿಯಲ್ಲಿ ಉಳಿಯಿತು. ಆದರೂ ನನ್ನ ಮಟ್ಟಿಗೆ ಆ ಸಲಹೆ ದುಬಾರಿಯಾಯಿತು. 1950ರಲ್ಲಿ ಎ.ಕೆ. ಗೋಪಾಲನ್ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದಾಗ ಸುಪ್ರೀಂ ಕೋರ್ಟು, ಕಾನೂನು ಇದೆಯಲ್ಲ, ಸಾಕು ಎಂಬ ಧಾಟಿಯಲ್ಲಿ ತೀರ್ಪು ಕೊಟ್ಟಿತು.

ಅಷ್ಟರಲ್ಲಿ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಭಾರತದಿಂದ ಮೊದಲಿಗರು. (ಅಲ್ಲಿ ದೇಶ ದೇಶಗಳ ವ್ಯಾಜ್ಯವಷ್ಟೇ, ನೀವು ನಾವು ಅರ್ಜಿ ಹಾಕುವಂತಿಲ್ಲ.) ಒಂಬತ್ತು ವರ್ಷದ ಅವಧಿಯಲ್ಲಿ ಎರಡು ವರ್ಷವೂ ತುಂಬಲಿಲ್ಲ. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಅವರು ಹೋಗಿ 24 ವರ್ಷಗಳಾದ ಮೇಲೆ, 1978ರ ಜನವರಿ 25ರಂದು, ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 21ನೇ ವಿಧಿಯನ್ನು ಮತ್ತೆ ಓದಿತು. ಕ್ರಮ ಇದ್ದರೆ ಸಾಲದು, ಅದು ನ್ಯಾಯವೂ ವಿವೇಕಯುತವೂ ಆಗಿರಬೇಕು ಎಂದಿತು.