ಸೋರುವ ಬೆಳಕೇ ಸಾಕ್ಷಿ: ಪೊಲಾರಿಟಾನ್ ಕಂಡೆನ್ಸೇಟುಗಳ ಮೂರು ದಶಕ

ಅರೆವಾಹಕದೊಳಗೆ ಎಲೆಕ್ಟ್ರಾನೊಂದು ತನ್ನ ಜಾಗ ಬಿಟ್ಟೆದ್ದಾಗ ಅಲ್ಲೊಂದು ರಂಧ್ರ ಉಳಿಯುತ್ತದೆ. ಎರಡೂ ಪರಸ್ಪರ ಸೆಳೆದುಕೊಂಡು ಜೋಡಿಯಾದರೆ ಅದು ಎಕ್ಸಿಟಾನ್. 1992ರಲ್ಲಿ ಕ್ಲೋಡ್ ವೈಸ್‌ಬುಕ್ ಮತ್ತು ಟೋಕಿಯೋದ ಅವರ ಸಂಗಡಿಗರು ಇಂಥ ಜೋಡಿಗಳಿರುವ ತೆಳುಪದರವನ್ನು ಎರಡು ಕನ್ನಡಿಗಳ ನಡುವೆ ಇರಿಸಿ ರೋಹಿತವನ್ನು ಅಳೆದರು. ಎಕ್ಸಿಟಾನಿನ ರೇಖೆಯೂ ಬೆಳಕಿನ ರೇಖೆಯೂ ಒಂದರ ಮೇಲೊಂದು ಬೀಳಬೇಕಾದ ಕಡೆ ಎರಡು ರೇಖೆಗಳು ದೂರ ಸರಿದು ನಿಂತಿದ್ದವು. ಬೆಳಕು ಎಕ್ಸಿಟಾನ್ ಆಗಿ, ಎಕ್ಸಿಟಾನ್ ಮತ್ತೆ ಬೆಳಕಾಗಿ ಬದಲಾಗುವ ವೇಗ ಎಷ್ಟಿತ್ತೆಂದರೆ, ಅವೆರಡನ್ನೂ ಬೇರೆ ಬೇರೆ ಎಂದು ಹೇಳುವಂತಿರಲಿಲ್ಲ. ಈ ಮಿಶ್ರಕಣವೇ ಪೊಲಾರಿಟಾನ್. ಇದರ ಗಣಿತವನ್ನು ಜಾನ್ ಹಾಪ್‌ಫೀಲ್ಡ್ 1958ರಲ್ಲೇ ಬರೆದಿಟ್ಟಿದ್ದರು.

ಬೆಳಕಿನ ಅಂಶ ಬೆರೆತಿರುವುದರಿಂದ ಪೊಲಾರಿಟಾನ್ ಬಲು ಹಗುರ. ಎಲೆಕ್ಟ್ರಾನಿನ ರಾಶಿಯ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ತೆರೆದ ದಾರಿಯನ್ನು ಐನ್‌ಸ್ಟೀನ್ ಮುಂದುವರಿಸಿ ಊಹಿಸಿದ ಸಾಂದ್ರೀಕರಣ, ಅಂದರೆ ಅಸಂಖ್ಯ ಕಣಗಳು ಒಂದೇ ಕ್ವಾಂಟಂ ಸ್ಥಿತಿಗೆ ಬಂದು ಕಂಡೆನ್ಸೇಟ್ ಆಗುವುದು, ಹಗುರ ಕಣಗಳಿಗೆ ಹೆಚ್ಚಿನ ತಾಪದಲ್ಲೂ ಸಾಧ್ಯ. ರುಬಿಡಿಯಂ ಪರಮಾಣುಗಳನ್ನು 1995ರಲ್ಲಿ ಒಂದು ಕೆಲ್ವಿನ್‌ನ ಕೋಟಿಯಲ್ಲೊಂದು ಪಾಲಿನ ಆಸುಪಾಸಿಗೆ ತಣಿಸಬೇಕಾಗಿತ್ತು. ಗ್ರೆನೋಬಲ್‌ನ ಕಾಸ್‌ಪ್ರಾಕ್, ಲೆ ಸಿ ಡಾಂಗ್ ಮತ್ತಿತರರು 2006ರಲ್ಲಿ ಪೊಲಾರಿಟಾನ್ ಕಂಡೆನ್ಸೇಟನ್ನು 19 ಕೆಲ್ವಿನ್‌ನಲ್ಲೇ ತೋರಿಸಿದರು. ಮುಂದೆ ಗ್ಯಾಲಿಯಂ ನೈಟ್ರೈಡ್ ಮತ್ತು ಸಾವಯವ ವಸ್ತುಗಳು ಈ ಪ್ರಯೋಗವನ್ನು ಕೊಠಡಿಯ ತಾಪಕ್ಕೂ ತಂದವು. ಪ್ರಚಾರವೆಲ್ಲ ಈ ತಾಪದ ಸಂಖ್ಯೆಗಳಿಗೇ ಸಿಕ್ಕಿತು. ನಿಜವಾದ ಕುತೂಹಲ ಇರುವುದು ಬೇರೆಡೆ ಎಂಬುದು ನನ್ನ ಅಭಿಪ್ರಾಯ.

ಅಂದಿನ ಕನ್ನಡಿಗಳ ನಡುವೆ ಪೊಲಾರಿಟಾನ್ ಬದುಕುತ್ತಿದ್ದುದು ಕೆಲವೇ ಪಿಕೋಸೆಕೆಂಡ್. ಆಮೇಲೆ ಬೆಳಕಾಗಿ ಹೊರಬೀಳುತ್ತಿತ್ತು. ತೂತು ಕೊಡಕ್ಕೆ ನೀರು ಸುರಿಯುತ್ತಲೇ ಇರಬೇಕಾದಂತೆ ಹೊರಗಿನಿಂದ ಶಕ್ತಿ ತುಂಬುತ್ತಲೇ ಇರಬೇಕು. ಇದು ದೋಷವೆಂದೇ ಎಣಿಸಲಾಗಿತ್ತು. ಆದರೆ ಹೊರಬಂದ ಪ್ರತಿಯೊಂದು ಫೋಟಾನೂ ಒಳಗಿನ ಅಲೆಯ ಲಯವನ್ನು ಹೊತ್ತು ತರುತ್ತದೆ. ಗ್ರೆನೋಬಲ್ ತಂಡ ಆ ಬೆಳಕನ್ನು ಇಬ್ಭಾಗಿಸಿ, ಮತ್ತೆ ಕೂಡಿಸಿ, ವ್ಯತಿಕರಣದ ಪಟ್ಟಿಗಳನ್ನು ಕಂಡಿತು. ಕಂಡೆನ್ಸೇಟಿನ ದೂರದ ಎರಡು ಮೂಲೆಗಳೂ ಒಂದೇ ಲಯದಲ್ಲಿದ್ದವು.

ಆದರೆ ಅಂಥ ಪಟ್ಟಿಗಳನ್ನು ಸಾಧಾರಣ ಲೇಸರ್ ಕೂಡ ಕೊಡುತ್ತದಲ್ಲ ಎಂಬ ಆಕ್ಷೇಪ ಬಹುಕಾಲ ಕಾಡಿತು, ಅದು ನ್ಯಾಯವೂ ಆಗಿತ್ತು. ಉತ್ತರ ಬಂದದ್ದು ಬಿಡಿಬಿಡಿಯಾಗಿ. ಈ ಲಯ ಸುಮಾರು 150 ಪಿಕೋಸೆಕೆಂಡ್ ಉಳಿಯುತ್ತದೆಂದೂ, ಅದನ್ನು ಕೆಡಿಸುವುದು ಕಣಗಳ ಸಂಖ್ಯೆಯ ಏರುಪೇರು ಮತ್ತು ಅವುಗಳ ಪರಸ್ಪರ ತಳ್ಳಾಟವೆಂದೂ ಬ್ರಿಟನ್ನಿನ ಸಂಶೋಧಕರು 2008ರಲ್ಲಿ ತೋರಿಸಿದರು. ಅಂದರೆ ಒಂದೊಂದು ಕಣ ಅಳಿದರೂ ಸಮೂಹದ ಲಯ ಅದಕ್ಕಿಂತ ಎಷ್ಟೋ ಹೊತ್ತು ಬದುಕುತ್ತದೆ. ಸೋರಿಕೆ ಕಡಿಮೆ ಇರುವ ಕನ್ನಡಿಗಳನ್ನು ಬಳಸಿ, ಕಂಡೆನ್ಸೇಟು ಉಷ್ಣ ಸಮತೋಲಕ್ಕೆ ಬರುವುದನ್ನು ಡೇವಿಡ್ ಸ್ನೋಕ್ ಮತ್ತು ಕೀತ್ ನೆಲ್ಸನ್ ಅವರ ತಂಡಗಳು 2017ರಲ್ಲಿ ದಾಖಲಿಸಿದವು. ಪ್ಯಾರಿಸ್ ಬಳಿಯ ಪಾಲೆಸೋದಲ್ಲಿ ಜಾಕ್ಲೀನ್ ಬ್ಲಾಕ್ ಅವರ ತಂಡ 2022ರಲ್ಲಿ ತದ್ವಿರುದ್ಧ ದಿಕ್ಕಿಗೆ ಹೊರಳಿತು. ಸಮತೋಲವಿಲ್ಲದ ಸಾಲಿನಂಥ ಕಂಡೆನ್ಸೇಟಿನಲ್ಲಿ ಸಂಸಕ್ತತೆ, ಅಂದರೆ ಲಯದ ಹೊಂದಾಣಿಕೆ, ಕುಂದುವ ರೀತಿಯು, ಬೆಳೆಯುತ್ತಿರುವ ಒರಟು ಮೇಲ್ಮೈಗಳನ್ನು ವಿವರಿಸುವ ಕಾರ್ಡರ್-ಪರೀಸಿ-ಜಾಂಗ್ ನಿಯಮವನ್ನೇ ಪಾಲಿಸುತ್ತಿತ್ತು.

ವ್ಯತಿಕರಣದ ಪಟ್ಟಿ ಕಂಡ ಮಾತ್ರಕ್ಕೆ ಕ್ವಾಂಟಂ ಸಂಸಕ್ತತೆಯನ್ನು ಅಳೆದಂತಾಗುವುದಿಲ್ಲ. ಬೇರೆ ಬೇರೆ ಕಣಸಂಖ್ಯೆಯ ಸ್ಥಿತಿಗಳು ಎಷ್ಟರಮಟ್ಟಿಗೆ ಅಧ್ಯಾರೋಪಗೊಂಡಿವೆ, ಅಂದರೆ ಏಕಕಾಲಕ್ಕೆ ಒಂದರೊಳಗೊಂದು ಬೆರೆತಿವೆ, ಎಂದು ತಿಳಿಯಬೇಕು. ಡಾರ್ಟ್‌ಮಂಡ್ ಮತ್ತು ಪಾಡರ್‌ಬಾರ್ನ್‌ನ ಭೌತವಿಜ್ಞಾನಿಗಳು 2021ರಲ್ಲಿ ಸೋರಿದ ಬೆಳಕನ್ನು ಗೊತ್ತಿರುವ ಲೇಸರ್ ಕಿರಣದೊಡನೆ ಬೆರೆಸಿ ಈ ಪ್ರಮಾಣಕ್ಕೊಂದು ಸಂಖ್ಯೆ ಕೊಟ್ಟರು. ಬಳಿಕ ಕಾಲದೊಂದಿಗೆ ಅದು ಬದಲಾಗುವುದನ್ನು ನ್ಯಾನೋಸೆಕೆಂಡ್‌ವರೆಗೂ ಹಿಂಬಾಲಿಸಿದರು. ಈ ಕ್ಷೇತ್ರದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಹೆಜ್ಜೆ ಇದು. ಕಂಡೆನ್ಸೇಟ್ ಹೌದೋ ಅಲ್ಲವೋ ಎಂಬ ವಾದ ಇಲ್ಲಿ ಅಳೆಯಬಹುದಾದ ಪ್ರಶ್ನೆಯಾಯಿತು.

ತೊಡಕು ಇನ್ನೂ ಇದೆ. ಒಂದು ಪೊಲಾರಿಟಾನ್ ಇನ್ನೊಂದನ್ನು ತಡೆಯುವಷ್ಟು ಬಲ ಅವುಗಳ ನಡುವೆ ಇಲ್ಲ. 2019ರಲ್ಲಿ ಜ್ಯೂರಿಕ್ ಮತ್ತು ಸಿಡ್ನಿಯ ತಂಡಗಳು ಕಂಡ ತಡೆಯ ಗುರುತು ಶೇಕಡ ಐದರ ಆಸುಪಾಸಿನದು. ಆ ಬಲ ಹೆಚ್ಚಿಸಲು ಸೇಂಟ್ ಆಂಡ್ರ್ಯೂಸ್‌ನಲ್ಲಿ ಕ್ಯೂಪ್ರಸ್ ಆಕ್ಸೈಡ್ ಸ್ಫಟಿಕವನ್ನು ಕನ್ನಡಿಗಳ ನಡುವೆ ಇಟ್ಟು, ಗಾತ್ರದಲ್ಲಿ ಬಲು ದೊಡ್ಡದಾದ ರಿಡ್‌ಬರ್ಗ್ ಎಕ್ಸಿಟಾನ್‌ಗಳಿಂದ ಪೊಲಾರಿಟಾನ್ ಮಾಡಲಾಗಿದೆ.