ಹಳಿ ಕೂಡಿದ ಊರು, ಕೂಡದ ಡಿಸ್ಕು

1871ರಲ್ಲಿ ರಾಯಚೂರಿನಲ್ಲಿ ಎರಡು ರೈಲು ಕಂಪನಿಗಳ ಹಳಿಗಳು ಕೂಡಿದವು. ಮುಂಬಯಿ ಕಡೆಯಿಂದ ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. ಮದ್ರಾಸಿನ ಕಡೆಯಿಂದ ಬಂದದ್ದು ಮದ್ರಾಸ್ ರೈಲ್ವೆಯದು. ಎರಡು ಕಂಪನಿಗಳ ಒಡೆತನ ಬೇರೆ, ಆಡಳಿತ ಬೇರೆ; ಊರು ನಿಜಾಮರ ಸಂಸ್ಥಾನಕ್ಕೆ ಸೇರಿದ್ದು. ಆದರೂ ಮುಂಬಯಿ-ಮದ್ರಾಸ್ ನೇರ ಮಾರ್ಗ ಸಾಧ್ಯವಾಯಿತು. ಏಕೆಂದರೆ ಹಳಿಗಳ ನಡುವೆ 5 ಅಡಿ 6 ಅಂಗುಲ ಅಂತರವಿರಬೇಕೆಂಬ ನಿಯಮವನ್ನು ಎರಡೂ ಕಂಪನಿಗಳು ಪಾಲಿಸಿದ್ದವು. ಇದೇ ಮಾರ್ಗದಲ್ಲಿ ದಕ್ಷಿಣಕ್ಕಿರುವ ಗುಂತಕಲ್ಲಿಗೆ ಮುಂದೆ ಹುಬ್ಬಳ್ಳಿಯ ಮೀಟರ್ ಗೇಜ್ ಬಂದು ಸೇರಿತು. ಅಲ್ಲಿ ಡಬ್ಬಿ ಮುಂದಕ್ಕೆ ಹೋಗುವಂತಿರಲಿಲ್ಲ. ಸರಕನ್ನು ಇಳಿಸಿ ಬೇರೆ ಡಬ್ಬಿಗೆ ತುಂಬಬೇಕಾಗಿತ್ತು.

ಇಂದು ಕೈಚೀಲದಲ್ಲಿ ಒಯ್ಯುವ ಹಾರ್ಡ್ ಡಿಸ್ಕಿನ ಕಥೆಯೂ ಇದೇ. ಮಾನ್ವಿಯ ಛಾಯಾಗ್ರಾಹಕನೊಬ್ಬ ಮದುವೆಯ ವಿಡಿಯೊವನ್ನು ವಿಂಡೋಸ್ ಗಣಕದಿಂದ ಡಿಸ್ಕಿಗೆ ತುಂಬಿ ರಾಯಚೂರಿಗೆ ಕಳುಹಿಸುತ್ತಾನೆ ಎನ್ನೋಣ. ಅಲ್ಲಿ ಸಂಕಲನ ಮಾಡುವವರ ಬಳಿ ಇರುವುದು ಆಪಲ್ ಮ್ಯಾಕ್. ಅದರಲ್ಲಿ ಚಿತ್ರಗಳು ಕಾಣುತ್ತವೆ, ಆದರೆ ಡಿಸ್ಕಿಗೆ ಹೊಸದೇನನ್ನೂ ಸೇರಿಸಲು ಬರುವುದಿಲ್ಲ. ಸಿದ್ಧವಾದ ವಿಡಿಯೊವನ್ನು ಮ್ಯಾಕ್ ಪದ್ಧತಿಯ ಡಿಸ್ಕಿನಲ್ಲಿ ದೇವದುರ್ಗದ ಮನೆಯವರಿಗೆ ಕೊಟ್ಟರೆ, ಅವರ ವಿಂಡೋಸ್ ಗಣಕ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎನ್ನುತ್ತದೆ. ಗೊತ್ತಿಲ್ಲದೆ 'ಹೌದು' ಎಂದು ಒತ್ತಿದರೆ ಮುಗಿಯಿತು, ವಿಡಿಯೊ ಕಣ್ಮರೆ. ಮದುವೆಯನ್ನು ಮತ್ತೊಮ್ಮೆ ಮಾಡಲಾದೀತೆ?

ಫಾರ್ಮ್ಯಾಟ್ ಎಂದರೇನು? ಹೊಲಕ್ಕೆ ಬಾಂದುಕಲ್ಲು ನೆಟ್ಟು, ಸರ್ವೆ ನಂಬರು ಕೊಟ್ಟು, ಯಾವುದು ಎಲ್ಲಿದೆ ಎಂದು ಪಹಣಿ ಬರೆದಂತೆ ಅದು. ಕಡತದ ಯಾವ ಭಾಗ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ಲೆಕ್ಕ ಅಲ್ಲಿರುತ್ತದೆ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಹಳೆಯ ಪಹಣಿ ಹೋಗಿ ಹೊಸತು ಬರುತ್ತದೆ. ಈ ಲೆಕ್ಕ ಬರೆಯುವ ಪದ್ಧತಿಯನ್ನು ಒಂದೊಂದು ಗಣಕ ವ್ಯವಸ್ಥೆ ಒಂದೊಂದು ಬಗೆಯಲ್ಲಿ ರೂಪಿಸಿಕೊಂಡಿತು.

ಮೈಕ್ರೋಸಾಫ್ಟಿನ 'ಫ್ಯಾಟ್' ಪದ್ಧತಿ ಹುಟ್ಟಿದ್ದು 1977ರಲ್ಲಿ, ಫ್ಲಾಪಿ ಡಿಸ್ಕಿಗಾಗಿ. 1981ರಲ್ಲಿ ಐಬಿಎಂ ಪಿಸಿಯೊಡನೆ ಅದು ಲೋಕವೆಲ್ಲ ಹರಡಿತು. ಸರಳವಾದ್ದರಿಂದ ಬೇರೆಯವರೂ ಅದನ್ನು ಓದಲು ಕಲಿತರು. 1996ರಲ್ಲಿ ಬಂದ ಫ್ಯಾಟ್32 ಇಂದಿಗೂ ಬಹುತೇಕ ಎಲ್ಲ ಯಂತ್ರಗಳಿಗೆ ಅರ್ಥವಾಗುತ್ತದೆ. ಆದರೆ ಅದರಲ್ಲಿ 4 ಗಿಗಾಬೈಟಿನಷ್ಟು ದೊಡ್ಡದಾದ ಒಂದೇ ಕಡತವನ್ನು ಇಡಲಾಗದು. ಮೂರು ತಾಸಿನ ಮದುವೆ ವಿಡಿಯೊ ಅದಕ್ಕಿಂತ ದೊಡ್ಡದಾಗುವುದು ಸಾಮಾನ್ಯ.

ಈ ನಡುವೆ ಮೈಕ್ರೋಸಾಫ್ಟ್ 1993ರಲ್ಲಿ ಎನ್‌ಟಿಎಫ್‌ಎಸ್ ತಂದಿತು. ಆಪಲ್ 1998ರಲ್ಲಿ ಎಚ್‌ಎಫ್‌ಎಸ್ ಪ್ಲಸ್, 2017ರಲ್ಲಿ ಎಪಿಎಫ್‌ಎಸ್ ತಂದಿತು. ಲಿನಕ್ಸ್ ತನ್ನದೇ ಎಕ್ಸ್‌ಟ್ ಸರಣಿಯನ್ನು ಬೆಳೆಸಿತು. ಒಂದೊಂದೂ ಒಳ್ಳೆಯ ಪದ್ಧತಿಯೇ, ಆದರೆ ತನ್ನ ಮನೆಯೊಳಗೆ ಮಾತ್ರ. ಇದು ಗುಂತಕಲ್ಲಿನ ಪರಿಸ್ಥಿತಿ.

ಇದಕ್ಕೆ ಉತ್ತರವಾಗಿ 2006ರಲ್ಲಿ ಬಂದದ್ದು ಎಕ್ಸ್‌ಫ್ಯಾಟ್. ದೊಡ್ಡ ಕಡತಗಳಿಗೆ ಅದರಲ್ಲಿ ಅಡ್ಡಿಯಿಲ್ಲ. ಕ್ಯಾಮೆರಾದ ದೊಡ್ಡ ಮೆಮೊರಿ ಕಾರ್ಡುಗಳು ಅದನ್ನೇ ಆರಿಸಿಕೊಂಡವು; 2010ರಲ್ಲಿ ಮ್ಯಾಕ್ ಕೂಡ ಒಪ್ಪಿತು. ಆದರೆ ಅದರ ಪೇಟೆಂಟುಗಳು ಮೈಕ್ರೋಸಾಫ್ಟಿನ ಕೈಯಲ್ಲಿದ್ದುದರಿಂದ ಲಿನಕ್ಸ್ ಬಹುಕಾಲ ಹೊರಗೇ ಉಳಿಯಿತು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಪ್ರಕಟಿಸಿತು. ಅದೇ ವರ್ಷ ಲಿನಕ್ಸ್ ಅದನ್ನು ಒಳಗೆ ತೆಗೆದುಕೊಂಡಿತು. ಹುಟ್ಟಿದ 13 ವರ್ಷಗಳ ಮೇಲೆ ಮೂರು ಹಳಿಗಳೂ ಕೂಡಿದವು. ತಡವಾದದ್ದು ತಂತ್ರಜ್ಞಾನದಿಂದಲ್ಲ, ಒಪ್ಪಂದವಿಲ್ಲದ್ದರಿಂದ.

ಹಾಗಾಗಿ ಹಲವು ಬಗೆಯ ಗಣಕಗಳಲ್ಲಿ ತಿರುಗಬೇಕಾದ ಡಿಸ್ಕಿಗೆ ಎಕ್ಸ್‌ಫ್ಯಾಟ್ ಸೂಕ್ತ. ಆದರೆ ಎರಡು ಮಾತು ನೆನಪಿರಲಿ. ಒಂದು, ಫಾರ್ಮ್ಯಾಟ್ ಮಾಡುವ ಮೊದಲು ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಡೆ ನಕಲಿಸಿಟ್ಟುಕೊಳ್ಳಬೇಕು. ಎರಡು, ಎನ್‌ಟಿಎಫ್‌ಎಸ್‌ನಂತೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ವ್ಯವಸ್ಥೆ ಎಕ್ಸ್‌ಫ್ಯಾಟ್‌ಗೆ ಇಲ್ಲ. ಬರೆಯುತ್ತಿರುವಾಗಲೇ ಕರೆಂಟು ಹೋದರೆ, ಅಥವಾ ವೈರು ಕಿತ್ತರೆ, ಪಹಣಿಯೇ ಕೆಡಬಹುದು. 'ತೆಗೆಯಬಹುದು' ಎಂದು ಗಣಕ ಹೇಳಿದ ಮೇಲೆಯೇ ಡಿಸ್ಕನ್ನು ತೆಗೆಯಬೇಕು. ಉಳಿಸಲೇಬೇಕಾದ್ದರ ಇನ್ನೊಂದು ಪ್ರತಿ ಮತ್ತೊಂದು ಡಿಸ್ಕಿನಲ್ಲಿರಲಿ.

ಡಿಸ್ಕು ತೆರೆದರೂ ಒಳಗಿನ ಅಕ್ಷರ ತೆರೆಯದಿರುವುದು ಕನ್ನಡಿಗರಿಗೆ ಹೊಸತಲ್ಲ. 1990ರ ದಶಕದಲ್ಲಿ ಒಂದೊಂದು ಕನ್ನಡ ತಂತ್ರಾಂಶ ಒಂದೊಂದು ಸಂಕೇತಪಟ್ಟಿ ಬಳಸುತ್ತಿತ್ತು. ಒಂದರಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿತ್ತು. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡವಿತ್ತು. ಅದು ಬಳಕೆಗೆ ಬರಲು ಮಾತ್ರ ವರ್ಷಗಳೇ ಹಿಡಿದವು. ಆ ಕಾಲದ ಹಳೆಯ ಕಡತ ಯಾರ ಮನೆಯಲ್ಲಾದರೂ ಇದ್ದರೆ, ಓದಬಲ್ಲ ತಂತ್ರಾಂಶ ಇರುವಾಗಲೇ ಯುನಿಕೋಡಿಗೆ ಬದಲಿಸಿಡುವುದು ಜಾಣತನ.

ರಾಯಚೂರಿನಲ್ಲಿ ಹಳಿ ಕೂಡಿಸಿದ ಆ ಎರಡು ಕಂಪನಿಗಳು ಇಂದಿಲ್ಲ. ಅವು ಒಪ್ಪಿದ್ದ 5 ಅಡಿ 6 ಅಂಗುಲದ ಅಳತೆಯ ಮೇಲೆ ರೈಲು ಇನ್ನೂ ಓಡುತ್ತಿದೆ.